ಹೊನ್ನೂರವ್ವನ ಅಂಗೈ

ಇದನ್ನು ನನಗೆ ಹೇಳಿದ್ದು ನಮ್ಮಮ್ಮನ ತಾಯಿ. ಆಕೆಗೆ ಹೇಳಿದ್ದು ಆಕೆಯ ಅತ್ತೆ. ಆ ಅತ್ತೆಗೆ ಯಾರು ಹೇಳಿದರೋ ಹೊಳೆಗೇ ಗೊತ್ತು. ನಮ್ಮ ನಿಮ್ಮ ಮುತ್ತಜ್ಜಂದಿರು ಇನ್ನೂ ಹುಟ್ಟಿರದ ಕಾಲಕ್ಕೆ, ಹೊಳೆದಂಡೆಯ ಮೇಲೆ ಕಡವಿನಾಳ ಅಂತ ಒಂದೂರಿತ್ತು. ಈಗಲೂ ಇದೆ, ಆದರೆ ಆಗ ಸೇತುವೆ ಇರಲಿಲ್ಲ. ಸಂತೆ ಆಚೆ ದಡಕ್ಕೆ, ಉಪ್ಪು ಆಚೆ ದಡಕ್ಕೆ, ವೈದ್ಯರು ಆಚೆ ದಡಕ್ಕೆ. ಈಚೆ ದಡದಲ್ಲಿದ್ದದ್ದು ಜೋಳದ ಹೊಲ, ಕಲ್ಲು, ಜನ, ಮತ್ತೆ ಒಂದು ಹರಿಗೋಲು.

ಹರಿಗೋಲು ಅಂದರೆ ಗೊತ್ತಲ್ಲ, ದೊಡ್ಡದೊಂದು ಬಿದಿರಿನ ಬುಟ್ಟಿ, ಅದರ ಹೊರಮೈಗೆ ಎಮ್ಮೆ ತೊಗಲು ಹೊಲಿದಿರುತ್ತಾರೆ. ಅದನ್ನು ನಡೆಸುತ್ತಿದ್ದವಳು ಅಂಬಿಗರ ಹೊನ್ನೂರವ್ವ. ಅಪ್ಪನ ಕೈಯಿಂದ ಹುಟ್ಟು ತಗೊಂಡವಳು, ಮುದುಕಿಯಾದರೂ ಕೆಳಗಿಟ್ಟಿರಲಿಲ್ಲ. ಊರ ಮಕ್ಕಳಿಗೆಲ್ಲ ಆಕೆ ಆಯಿ.

ಆಕೆಯ ಬಗ್ಗೆ ಏನೇನೋ ಹೇಳುತ್ತಾರೆ. ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚಿದ್ದಳು ಅಂತಾರೆ. ಅಲ್ಲಲ್ಲ, ಗಿಡ್ಡ ಹೆಂಗಸು, ಹರಿಗೋಲಿನೊಳಗೆ ನಿಂತರೆ ದಡದವರಿಗೆ ತಲೆಯ ಸೆರಗೊಂದೇ ಕಾಣುತ್ತಿತ್ತು ಅಂತಲೂ ಅಂತಾರೆ. ಆಕೆ ಈ ದಡದಲ್ಲಿ ಕೂಗು ಹಾಕಿದರೆ ಆ ದಡದ ನಾಯಿ ಬೊಗಳುತ್ತಿದ್ದವಂತೆ. ಹೊಳೆಯ ಮೊಸಳೆ ಆಕೆಯ ಹುಟ್ಟಿನ ಸಪ್ಪಳ ಕೇಳಿ ದಾರಿ ಬಿಡುತ್ತಿದ್ದವಂತೆ. ಮೊಸಳೆಯದ್ದು ನಾನು ನಂಬುವುದಿಲ್ಲ. ನಾಯಿಯದ್ದು ನಂಬುತ್ತೇನೆ.

ಒಂದು ಮಾತು ಮಾತ್ರ ಎಲ್ಲರೂ ಒಪ್ಪುತ್ತಾರೆ. ಆಕೆಗೆ ಭಾರ ಗೊತ್ತಾಗುತ್ತಿತ್ತು. ಹರಿಗೋಲಿಗೆ ಮುಂದು ಹಿಂದು ಅಂತ ಇಲ್ಲ ನೋಡಿ, ಎಲ್ಲಿ ಭಾರ ಹೆಚ್ಚಾದರೆ ಅಲ್ಲಿಗೆ ವಾಲುತ್ತದೆ. ಜನ ಒಬ್ಬೊಬ್ಬರಾಗಿ ಕಾಲಿಡುತ್ತಿದ್ದ ಹಾಗೆ ಆಕೆ ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದಳಂತೆ, ನೀ ಈ ಕಡೆ ಕೂಡು, ನೀ ಆ ಕಡೆ ಸರಿ, ನಿನ್ನ ಗಂಟಿನಾಗ ಬೀಸೋ ಕಲ್ಲು ಐತಿ, ಅದನ್ನ ನಡುವ ಇಡು. ಬಸುರಿ ಹೆಂಗಸು ಕಾಲಿಟ್ಟರೆ, ಆ ಹೆಂಗಸಿಗೇ ಗೊತ್ತಾಗುವ ಮೊದಲು ಹೊನ್ನೂರವ್ವನಿಗೆ ಗೊತ್ತಾಗುತ್ತಿತ್ತು ಅಂತಾರೆ.

ಹೀಗಿರುವಾಗ ಒಂದು ವರ್ಷ ಊರಿಗೆ ಒಂದು ಬ್ಯಾನಿ, ನೋವಿನ ಕಾಯಿಲೆ, ಬಂತು.

ಮೊದಲು ಬಂದದ್ದು ಬಡಿಗೇರ ಮೋನಪ್ಪನ ಮಗಳು ಕಾಳಮ್ಮನಿಗೆ. ಹದಿನಾಲ್ಕು ವರ್ಷದ ಹುಡುಗಿ, ಚುರುಕು ಅಂದರೆ ಚುರುಕು. ಅಪ್ಪ ಗಾಲಿ ಕೆತ್ತುವಾಗ ಅಳತೆಗೋಲು ಹಿಡಿದು ನಿಂತವಳೇ ಅವಳು. ಒಂದು ದಿನ ಬೆಳಿಗ್ಗೆ ಅಂಗಳ ಕಸ ಗುಡಿಸಲು ಬಗ್ಗಿದಳು, ಏಳಲಾಗಲಿಲ್ಲ. ಬಿದ್ದಿರಲಿಲ್ಲ, ಏಟು ತಗಲಿರಲಿಲ್ಲ, ಜ್ವರ ಇರಲಿಲ್ಲ, ಬಾವು ಇರಲಿಲ್ಲ. ಬೆನ್ನು ನೋಯುತ್ತಿತ್ತು, ಅಷ್ಟೇ. ವಾರದೊಳಗೆ ಕುಂಬಾರರ ಮನೆಯ ಹುಡುಗನಿಗೆ ಬಂತು. ಆಮೇಲೆ ಗೌಡರ ತಮ್ಮನ ಮಗಳಿಗೆ. ಆಮೇಲೆ ಒಂದೇ ಓಣಿಯಲ್ಲಿ ಮೂವರಿಗೆ. ಹೀಗೆ ಬಂದು ಬಂದು ಹನ್ನೊಂದು ಮಕ್ಕಳಾದವು. ಸಣ್ಣ ಕೂಸುಗಳಿಗಿಲ್ಲ, ದೊಡ್ಡವರಿಗಿಲ್ಲ. ಹನ್ನೆರಡು ದಾಟಿದವರಿಗೆ, ಹದಿನೇಳು ಮುಟ್ಟದವರಿಗೆ, ಆ ನಡುವಿನವರಿಗೇ ಹುಡುಕಿ ಹುಡುಕಿ ಬಂತು.

ಊರು ಸುಮ್ಮನೆ ಕೂರುತ್ತದೆಯೇ? ಲಕ್ಕಿ ಸೊಪ್ಪು ಕುದಿಸಿ ಎರೆದರು. ಹರಳೆಣ್ಣೆ ತಿಕ್ಕಿದರು. ಮರಳು ಹುರಿದು ಗಂಟು ಕಟ್ಟಿ ಕಾವು ಕೊಟ್ಟರು. ಕಾಲು ಮುಂದಾಗಿ ಹುಟ್ಟಿದವರು ಬೆನ್ನು ತುಳಿದರೆ ಉಳುಕು ಹೋಗುತ್ತದೆ ಅಂತ, ಅಂಥ ಒಬ್ಬ ಮುದುಕ ಸಿಕ್ಕಾಗ ಅವನನ್ನು ಕರೆಸಿ ಹನ್ನೊಂದು ಬೆನ್ನನ್ನೂ ತುಳಿಸಿದರು. ಮುದುಕನಿಗೆ ಕಾಲು ನೋವು ಬಂತು. ಮಕ್ಕಳ ಬೆನ್ನು ಇದ್ದ ಹಾಗೇ ಇತ್ತು.

ಕೊನೆಗೆ ಮೋನಪ್ಪ ಮಗಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಆಚೆ ದಡದ ವೈದ್ಯರ ಹತ್ತಿರ ಹೋದ. ವೈದ್ಯರು ಒಳ್ಳೆಯವರು, ತಿಳಿದವರು. ಒತ್ತಿ ನೋಡಿದರು, ಬಗ್ಗಿಸಿ ನೋಡಿದರು, ನಾಡಿ ಹಿಡಿದು ನೋಡಿದರು. ಎಲುಬು ಸರಿ ಇದೆ, ನರ ಸರಿ ಇದೆ, ಏನೂ ಇಲ್ಲ ಅಂದರು. ತಮಗೆ ಏನೂ ಸಿಗಲಿಲ್ಲ ಅಂತ ಅವರು ಹೇಳಿದ್ದು. ಮೋನಪ್ಪನ ಕಿವಿಗೆ ಅದು ಬೇರೆಯಾಗಿ ಬಿತ್ತು.

ತಿರುಗಿ ಬರುವಾಗ ಹರಿಗೋಲಿನಲ್ಲಿ ಇದ್ದದ್ದು ಅವರಿಬ್ಬರು ಮತ್ತು ಹೊನ್ನೂರವ್ವ. ಮೋನಪ್ಪ ಕೆಟ್ಟವನಲ್ಲ. ಮಗಳಿಗಾಗಿ ಎರಡು ತಿಂಗಳು ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ಅದೇ ಸಿಟ್ಟಾಗಿ ಹೊರಗೆ ಬಂತು.

"ಏನೂ ಇಲ್ಲಂತ. ಕೇಳಿದ್ಯಾ? ಏನೂ ಇಲ್ಲಂತ. ಊರ ಮಂದಿ ಸೋಗು ಅಂದಾಗ ನಾನು ಅವರ ಕೂಡ ಜಗಳ ಆಡಿದ್ನೆಲ್ಲ, ಯಾವ ಮೋರೆ ಇಟ್ಕೊಂಡು ಹೋಗ್ಲಿ?"

ಕಾಳಮ್ಮ ನೀರು ನೋಡುತ್ತಾ ಕೂತಿದ್ದಳು. ಹೊನ್ನೂರವ್ವ ಹುಟ್ಟು ಹಾಕುತ್ತಾ ಕೇಳಿದಳು, "ಈಗ ಹೆಂಗೈತಿ ಮಗಳ ಬೆನ್ನು?"

"ಏನೂ ಇಲ್ಲ ಆಯಿ. ನೋಯಂಗಿಲ್ಲ."

"ಹಂಗಾದ್ರ ನನ್ನ ಹರಿಗೋಲು ಯಾಕ ನೀ ಕುಂತ ಕಡಿ ವಾಲಾಕತ್ತೈತಿ? ನಿಮ್ಮಪ್ಪ ನಿನ್ನ ಎರಡರಷ್ಟು ಅದಾನ."

ಹುಡುಗಿ ಒಂದೇ ಮಗ್ಗುಲ ಮೇಲೆ ಮೈಭಾರವನ್ನೆಲ್ಲ ಹಾಕಿ, ಹಲ್ಲು ಕಚ್ಚಿ ಕೂತಿದ್ದಳಂತೆ. ಹೊನ್ನೂರವ್ವ ತಾನೇ ಎದುರು ಬದಿಗೆ ಸರಿದು ನಿಂತು, ಹರಿಗೋಲು ಸಮ ಮಾಡಿಕೊಂಡು ದಡ ಮುಟ್ಟಿಸಿದಳಂತೆ. ನೋವಿರುವ ಮಗು ಅಳುವುದನ್ನು ಆಕೆ ಬಹಳ ಕಂಡಿದ್ದಳು. ನೋವಿರುವ ಮಗು ನೋವಿಲ್ಲ ಅನ್ನುವುದನ್ನು ಕಂಡದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಹನ್ನೊಂದು ಮಕ್ಕಳೂ ಬಾಯಿ ಮುಚ್ಚಿದವು. ವೈದ್ಯರೇ ಏನೂ ಇಲ್ಲ ಅಂದ ಮೇಲೆ ಹೇಳಿ ಏನು ಫಲ? ಕೆಲಸ ಹೇಳಿದರೆ ಮಾಡುತ್ತಿದ್ದವು, ಬಗ್ಗಿದರೆ ಬಗ್ಗಿದಲ್ಲೇ ಉಸಿರು ಕಟ್ಟಿ ನಿಲ್ಲುತ್ತಿದ್ದವು. ಹಾಡು ಇಲ್ಲ, ಆಟ ಇಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು ಯೋಚಿಸಿದರು. ಗೌಡ ಒಂದು ತೀರ್ಮಾನ ಹೇಳಿದ. ಆಚೆ ದಡದಲ್ಲಿ ಬರೆ ಹಾಕುವ ಸಿದ್ಲಿಂಗಪ್ಪ ಇದ್ದಾನೆ, ಎಷ್ಟೋ ದನಗಳಿಗೆ ಬರೆ ಹಾಕಿ ಬದುಕಿಸಿದ್ದಾನೆ. ಅವನನ್ನು ಕರೆಸೋಣ. ಕಬ್ಬಿಣ ಕಾಯಿಸಿ ಬೆನ್ನಿಗೆ ಒಂದೊಂದು ಗೆರೆ ಎಳೆದರೆ ನೋವು ಖರೆ ಇದ್ದರೆ ಹೋಗುತ್ತದೆ, ಸೋಗಾಗಿದ್ದರೆ ಅದೂ ಹೋಗುತ್ತದೆ. ಎಲ್ಲರೂ ತಲೆಯಾಡಿಸಿದರು. ಮೋನಪ್ಪನೂ ತಲೆಯಾಡಿಸಿದ. ನಾಳೆ ಬೆಳಿಗ್ಗೆ ಹೋಗಿ ಸಿದ್ಲಿಂಗಪ್ಪನನ್ನು ಕರಕೊಂಡು ಬಾ ಅಂತ ಹೊನ್ನೂರವ್ವನಿಗೆ ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ಊರವರು ನೋಡಿದರೆ ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದಿತ್ತು. ತೊಗಲು ಒಂದು ಮೊಳ ಉದ್ದಕ್ಕೆ ಹರಿದಿತ್ತು.

ಇಲ್ಲಿ ಕಥೆ ಎರಡು ದಾರಿ ಹಿಡಿಯುತ್ತದೆ. ತೊಗಲು ಹಳೆಯದಾಗಿತ್ತು, ಕಲ್ಲಿಗೆ ತಾಗಿ ಹರಿದಿತ್ತು ಅಂತ ಕೆಲವರು. ಇಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ ಆಕೆಯೇ ಕುಡುಗೋಲು ತಗೊಂಡು ಸೀಳಿದಳು, ಸೀಳುವಾಗ ಸತ್ತ ತನ್ನ ಅಪ್ಪನನ್ನು ನೆನೆದು ತಪ್ಪಾಯ್ತು ಅಂದಳು ಅಂತ ಕೆಲವರು. ನಮ್ಮ ಮನೆಯಲ್ಲಿ ಹೇಳುತ್ತಿದ್ದದ್ದು ಕುಡುಗೋಲಿನ ಮಾತು. ನಾನು ಅದನ್ನೇ ಹೇಳುತ್ತೇನೆ.

ಗೌಡ ಬಂದು ನೋಡಿ, ಎಷ್ಟು ದಿನ ಬೇಕು ಅಂತ ಕೇಳಿದ. ಹೊಸ ತೊಗಲು ಹದ ಮಾಡಬೇಕು, ಹೊಲಿಯಬೇಕು, ಎಣ್ಣೆ-ರಾಳ ಬಳಿಯಬೇಕು, ಒಣಗಬೇಕು, ಒಂಬತ್ತು ದಿನ ಅಂದಳು ಹೊನ್ನೂರವ್ವ. ಆಮೇಲೆ ಒಂದು ಮಾತು ಸೇರಿಸಿದಳು. "ನನಗ ಕೈಯಾಳು ಬೇಕು. ಆ ಬೆನ್ನಿನ ಹುಡುಗರು ಹೆಂಗೂ ಹೊಲಕ್ಕ ಬಾರದವು. ಅವನ್ನ ನನ್ನ ಕಡಿಗೆ ಕಳಸ್ರಿ."

ಹನ್ನೊಂದು ಮಕ್ಕಳು ಬಂದವು, ಆರು ಹುಡುಗಿಯರು, ಐದು ಹುಡುಗರು. ಬಂದು ಸಾಲಾಗಿ ನಿಂತವು. ಈಗ ಹೊನ್ನೂರವ್ವನಿಗೆ ನಿಜವಾಗಿ ಭಯವಾಯಿತಂತೆ. ಒಂಬತ್ತು ದಿನ ಸಿಕ್ಕಿತು, ಸರಿ. ಮಾಡುವುದೇನು? ಆಕೆ ವೈದ್ಯಳಲ್ಲ, ಸೂಲಗಿತ್ತಿಯಲ್ಲ, ಬೇರು ನಾರು ಗೊತ್ತಿಲ್ಲ. ಒಂದೊಂದೇ ಬೆನ್ನು ಒತ್ತಿ ನೋಡಿದಳು. ವೈದ್ಯರಿಗೆ ಸಿಗದದ್ದು ಆಕೆಗೂ ಸಿಗಲಿಲ್ಲ. ಸುಮ್ಮನೆ ನೆರಳಿಗೆ ಕೂರಿಸಿದಳು, ತಾನೂ ಕೂತಳು.

"ನನಗ ಏನೂ ತಿಳೀವಲ್ದು" ಅಂದಳಂತೆ. "ನನ್ನ ಕೈಗೆ ಏನೂ ಸಿಗವಲ್ದು. ಆದ್ರ ನಿಮಗ ಬ್ಯಾನಿ ಐತಿ, ಅದು ನನಗ ಗೊತ್ತು. ಹೇಳ್ರಿ, ಹೆಂಗ ನೋಯತೈತಿ?"

ಕುಂಬಾರರ ಹುಡುಗ ಬೀರ ಮೊದಲು ಬಾಯಿಬಿಟ್ಟ. ಮಡಕೆ ಮಾಡುವ ತಿಗರಿಯ ಕಲ್ಲು ಬೆನ್ನೊಳಗೆ ತಿರುಗಿದ ಹಾಗಾಗುತ್ತದೆ ಅಂದ. ಇನ್ನೊಬ್ಬಳು, ನನಗೆ ಇರುವೆ ಹರಿದ ಹಾಗೆ ಅಂದಳು. ಮತ್ತೊಬ್ಬಳು, ನನಗೆ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ಅಂದಳು. ಆಮೇಲೆ ಒಬ್ಬರ ಮಾತಿನ ಮೇಲೆ ಒಬ್ಬರು, ನನಗೆ ಹೀಗೆ, ನನಗೆ ಹಾಗೆ, ಸೂರ್ಯ ನೆತ್ತಿಗೆ ಬಂದರೂ ಮುಗಿಯಲಿಲ್ಲ. ಆ ದಿನ ತೊಗಲಿನ ಕೆಲಸ ಏನೂ ಆಗಲಿಲ್ಲ. ಮನೆಗೆ ಹೋದ ಮಕ್ಕಳು ಎರಡೆರಡು ರೊಟ್ಟಿ ಹೆಚ್ಚು ತಿಂದವು ಅಂತಾರೆ.

ಕಾಳಮ್ಮ ಮಾತ್ರ ಏನೂ ಹೇಳಿರಲಿಲ್ಲ.

ಎರಡನೆಯ ದಿನ ಹೊನ್ನೂರವ್ವನಿಗೆ ತನ್ನದೇ ಬೆನ್ನು ನೆನಪಾಯಿತು. ಸಂತೆಯ ದಿನ ಬೆಳಗಿನಿಂದ ಸಂಜೆಯವರೆಗೆ ಹುಟ್ಟು ಹಾಕಿದರೆ ಬೆನ್ನು ಕೆಂಡವಾಗುತ್ತಿತ್ತು. ಆಗ ಏನು ಮಾಡುತ್ತಿದ್ದಳು? ಹರಿಗೋಲು ಹತ್ತಿ ಇಳಿಯುವ ಕಡವಿನಿಂದ ಸ್ವಲ್ಪ ಮೇಲೆ, ದೊಡ್ಡ ಬಂಡೆಯ ಹಿಂದೆ ಒಂದು ಮಡುವಿತ್ತು. ನೀರು ಅಲ್ಲಿ ಹರಿಯುವುದಿಲ್ಲ, ನಿಂತಿರುತ್ತದೆ, ಎದೆಯುದ್ದ. ಅಲ್ಲಿ ಹೋಗಿ ಅಂಗಾತ ಮಲಗುತ್ತಿದ್ದಳು. ಅಷ್ಟೇ. ಇದು ಔಷಧ ಅಂತ ಆಕೆಗೆ ಯಾವತ್ತೂ ಅನ್ನಿಸಿರಲಿಲ್ಲ. ಎಮ್ಮೆಯೂ ಅದನ್ನೇ ಮಾಡುತ್ತದಲ್ಲ.

ಕಾಳಮ್ಮನ ಕೈ ಹಿಡಿದು ಮಡುವಿಗೆ ಇಳಿಸಿದಳು. ಕಡವಿನಾಳದ ಹುಡುಗಿಯರು ಮೊಣಕಾಲಿಗಿಂತ ಮೇಲೆ ನೀರು ಕಂಡವರಲ್ಲ. ದೊಡ್ಡವಳಾದ ಹುಡುಗಿ ಹೊಳೆಗಿಳಿಯಬಾರದು ಅಂತ ಕಟ್ಟಳೆ. ಕಾಳಮ್ಮ ಮುದುಕಿಯ ಸೆರಗು ಬಿಗಿಯಾಗಿ ಹಿಡಿದುಕೊಂಡಳು. ಹೊನ್ನೂರವ್ವ ಅವಳ ಬೆನ್ನ ಕೆಳಗೆ ಅಂಗೈ ಇಟ್ಟು, ಮಲಗು ಅಂದಳು. ಹುಡುಗಿ ಮಲಗಿದಳು, ಆದರೆ ಕಲ್ಲುಗಂಬದ ಹಾಗೆ ಬಿಗಿಯಾಗಿ. ಬಿಗಿದ ಮೈ ಮುಳುಗುತ್ತದೆ. ಮೂಗಿಗೆ ನೀರು ಹೋಯಿತು, ಕೆಮ್ಮಿದಳು, ಎದ್ದು ನಿಂತಳು. ಮರುದಿನ ಮತ್ತೆ. ಅದರ ಮರುದಿನ ಮತ್ತೆ.

"ನಿನ್ನ ಭಾರ ನನಗ ಕೊಡವಲ್ಲಿ ನೀನು" ಅಂದಳು ಹೊನ್ನೂರವ್ವ. "ಜೋಳದ ಚೀಲ ನನಗ ಭಾರ ಕೊಡತೈತಿ, ಕಲ್ಲು ಕೊಡತೈತಿ, ಗೌಡ ಕೊಡತಾನ. ನಿನಗೇನು ಬ್ಯಾನಿ?"

ಗೌಡನ ಹೊಟ್ಟೆ ನೆನಪಾಗಿ ಹುಡುಗಿಗೆ ನಗು ಬಂತಂತೆ. ನಗುತ್ತಿದ್ದ ಹಾಗೇ ಅಳು ಬಂತು. ಇಷ್ಟು ದಿನ ನುಂಗಿದ ಅಳು, ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಾ ಬೆನ್ನು ಸಡಿಲವಾಯಿತು. ಕಿವಿ ನೀರೊಳಗೆ ಹೋಯಿತು. ತನ್ನ ಉಸಿರಿನ ಸಪ್ಪಳ ತನಗೇ ಕೇಳಿಸಿತು. ಆಕಾಶ ಕಂಡಿತು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತಿರುಗಿಸಿ ನೋಡಿದರೆ ಹೊನ್ನೂರವ್ವ ಮಾರು ದೂರದಲ್ಲಿ ನಿಂತು ಸೆರಗು ಹಿಂಡಿಕೊಳ್ಳುತ್ತಿದ್ದಳು. ಬೆನ್ನ ಕೆಳಗೆ ನೀರು ಬಿಟ್ಟರೆ ಏನೂ ಇರಲಿಲ್ಲ.

ಕಾಳಮ್ಮ ಮುದುಕಿಯಾದ ಮೇಲೆ ತನ್ನ ಮೊಮ್ಮಕ್ಕಳಿಗೆ ಇದನ್ನು ಹೇಳುತ್ತಿದ್ದಳಂತೆ. ಅವತ್ತು ನೋವು ಹೋಗಲಿಲ್ಲ, ಅಲ್ಲೇ ಇತ್ತು, ಆದರೆ ಅದನ್ನು ನಾನೊಬ್ಬಳೇ ಹೊತ್ತುಕೊಂಡಿರಲಿಲ್ಲ, ಅನ್ನುತ್ತಿದ್ದಳಂತೆ.

ಐದನೆಯ ದಿನದಿಂದ ಹನ್ನೊಂದು ಮಕ್ಕಳೂ ಮಡುವಿಗಿಳಿದವು, ಬೆಳಿಗ್ಗೆ ಹುಡುಗಿಯರು, ಮಧ್ಯಾಹ್ನ ಹುಡುಗರು. ಕಲಿತವರು ಕಲಿಯದವರಿಗೆ ಕೈ ಕೊಟ್ಟರು. ನೀರಿನಿಂದ ಬಂದ ಮೇಲೆ ಬಿಸಿ ಬಂಡೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗುತ್ತಿದ್ದರು. ಆಮೇಲೆ ಎದ್ದು ತೊಗಲು ಜಗ್ಗುತ್ತಿದ್ದರು, ಹೊಲಿಯುತ್ತಿದ್ದರು, ರಾಳ ಬಳಿಯುತ್ತಿದ್ದರು. ಇತ್ತ ಊರಲ್ಲಿ ಉಪ್ಪು ಮುಗಿದಿತ್ತು. ಮನೆಮನೆಯಲ್ಲೂ ಸಪ್ಪೆ ಸಾರು. ಹೊನ್ನೂರವ್ವನನ್ನು ಬೈಯದ ಬಾಯಿ ಇರಲಿಲ್ಲ.

ಏಳನೆಯ ದಿನ ಮೋನಪ್ಪನಿಗೆ ಯಾರೋ ಚಾಡಿ ಹೇಳಿದರು. ನಿನ್ನ ಮಗಳು ಹೊಳೆಯೊಳಗೆ ಇದ್ದಾಳೆ ಅಂದರು. ಕಟ್ಟಿಗೆ ಕೆತ್ತುತ್ತಿದ್ದ ಬಾಚಿ ಕೆಳಗೆ ಹಾಕಿ ಓಡಿ ಬಂದ. ಬಂಡೆ ಹತ್ತಿ ನೋಡಿದರೆ ಮಡುವಿನ ನಡುವೆ ಕಾಳಮ್ಮ ಅಂಗಾತ ತೇಲುತ್ತಿದ್ದಾಳೆ, ಕೂದಲು ನೀರಿನ ಮೇಲೆ ಹರಡಿದೆ, ಕಣ್ಣು ಮುಚ್ಚಿದೆ, ಅಲುಗಾಟವಿಲ್ಲ.

ಅವನಿಗೆ ಈಜು ಬರುತ್ತಿರಲಿಲ್ಲ. ಧೋತರ ರುಮಾಲಿನ ಸಮೇತ ಬಂಡೆಯ ಮೇಲಿಂದ ಜಿಗಿದ. ಜಿಗಿದವನು ಮುಳುಗಿ, ಎದ್ದು, "ಕಾಳೀ!" ಅಂತ ಕೂಗಿದ ಕೂಗಿಗೆ ಹೊಲದಲ್ಲಿದ್ದವರೆಲ್ಲ ತಲೆ ಎತ್ತಿದರಂತೆ. ಕಾಳಮ್ಮ ಗಾಬರಿಯಾಗಿ ನೀರಿನಲ್ಲಿ ಎದ್ದು ನಿಂತಳು. ನೋಡಿದರೆ ಅಪ್ಪ, ಎದೆಯುದ್ದ ನೀರಿನಲ್ಲಿ, ರುಮಾಲು ಬಿಚ್ಚಿ ಕೊರಳಿಗೆ ಸುತ್ತಿಕೊಂಡು, ಬಾಯಿ ತೆರೆದು ನಿಂತಿದ್ದಾನೆ.

"ಯಪ್ಪಾ, ಏನಾತು?"

ಮೋನಪ್ಪ ಕೊರಳಿನ ರುಮಾಲು ಕಿತ್ತುಕೊಂಡ. ಬಾಯಿಂದ ಬಂದದ್ದು ಇಷ್ಟೇ. "ನೀ ಹೋದಿ ಅಂತ ಮಾಡಿದ್ನೆಲ್ಲವ್ವ."

ಆಗ ಕಾಳಮ್ಮ ಹೇಳಿದಳು. ವೈದ್ಯರ ಹತ್ತಿರ ಹೋಗಿ ಬಂದ ಮೇಲೆ ಅಪ್ಪನಿಗೆ ಮೊದಲ ಸಲ ಹೇಳಿದಳು. "ಯಪ್ಪಾ, ಖರೇನ ನೋಯತೈತಿ. ನಾ ಸುಳ್ಳು ಹೇಳಿಲ್ಲ. ನೋಯಂಗಿಲ್ಲ ಅಂದಿದ್ದ ಸುಳ್ಳು."

ಮೋನಪ್ಪ ಹೊನ್ನೂರವ್ವನ ಕಡೆ ನೋಡಿದ. ಹೊನ್ನೂರವ್ವ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಬಾ, ಇಲ್ಲಿ ಕೈ ಇಡು ಅಂದಳು. ಕಾಳಮ್ಮ ಮತ್ತೆ ಮಲಗಿದಳು. ಬಡಿಗೇರನ ಕೈ ಅದು, ಕಟ್ಟಿಗೆಯ ಮೇಲೆ ಬೆರಳಾಡಿಸಿ ಒಳಗೆ ಎಲ್ಲಿ ಗಂಟಿದೆ, ಎಲ್ಲಿ ಬಿರುಕಿದೆ ಅಂತ ಹೇಳುವ ಕೈ. ಆ ಕೈ ಮಗಳ ಬೆನ್ನ ಕೆಳಗೆ ಹೋಯಿತು. ಗಂಟು ಸಿಗಲಿಲ್ಲ, ಬಿರುಕು ಸಿಗಲಿಲ್ಲ. ಆದರೆ ಸೊಂಟದ ಮೇಲೆ ಒಂದು ಕಡೆ, ಕಟ್ಟಿಹಾಕಿದ ಕರುವಿನ ಮೈ ಅದುರುವ ಹಾಗೆ ಸಣ್ಣಗೆ ಅದುರುತ್ತಿತ್ತು. ಮೋನಪ್ಪ ಅಲ್ಲೇ ಕೈ ಇಟ್ಟು ನಿಂತ. ಅದುರುವುದು ನಿಲ್ಲುವವರೆಗೂ ನಿಂತ. ಅವನ ಮುಖದ ಮೇಲೆ ನೀರಿತ್ತು, ಹೊಳೆಯದೋ ಕಣ್ಣಿನದೋ ಯಾರೂ ಕೇಳಲಿಲ್ಲ.

ಒದ್ದೆ ಧೋತರದಲ್ಲೇ ನೇರ ಕಟ್ಟೆಗೆ ಹೋದ. ನನ್ನ ಮಗಳಿಗೆ ಬರೆ ಹಾಕಿಸುವುದಿಲ್ಲ, ಯಾರ ಮಕ್ಕಳಿಗೂ ಹಾಕಲು ಬಿಡುವುದಿಲ್ಲ ಅಂದ. ಗೌಡ, ಕಾರಣ ಏನು ಗೊತ್ತಾಯಿತು ಅಂತ ಕೇಳಿದ. ಕಾರಣ ಗೊತ್ತಾಗಲಿಲ್ಲ, ಬ್ಯಾನಿ ಗೊತ್ತಾಯಿತು ಅಂದ ಮೋನಪ್ಪ. ನಂಬದಿದ್ದರೆ ನೀವೂ ಬಂದು ಕೈ ಇಡ್ರಿ ಅಂದ. ಎಂಟನೆಯ ದಿನ ಒಬ್ಬೊಬ್ಬರಾಗಿ ತಂದೆ ತಾಯಿ ಮಡುವಿಗೆ ಬಂದರು. ಕೆಲವರು ನಂಬಿ ಬಂದರು, ಕೆಲವರು ಜಗಳ ಮಾಡಲು ಬಂದರು. ನೀರಿಗೆ ಇಳಿದವರು ಯಾರೂ ಜಗಳ ಮಾಡಲಿಲ್ಲ.

ಒಂಬತ್ತನೆಯ ದಿನ ಹರಿಗೋಲು ನೀರಿಗೆ ಬಿತ್ತು. ಹೊನ್ನೂರವ್ವ ಮೊದಲು ಉಪ್ಪು ತಂದಳು. ಆ ಸಲವೇ ಬರೆ ಹಾಕುವ ಸಿದ್ಲಿಂಗಪ್ಪನೂ ಹತ್ತಿಕೊಂಡನಂತೆ, ಈಚೆ ದಡದಿಂದ ಯಾರೋ ಕೂಗಿ ಕರೆದದ್ದು ಕೇಳಿ ಒಂಬತ್ತು ದಿನದಿಂದ ಕಬ್ಬಿಣ ಹಿಡಿದು ಆಚೆ ದಡದಲ್ಲಿ ಕಾಯುತ್ತಿದ್ದ. ಹೊಳೆಯ ನಡುವೆ ಬಂದಾಗ ಆಕೆ ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಹುಟ್ಟು ಇಲ್ಲದ ಹರಿಗೋಲು ತಿರುಗುತ್ತದೆ. ತಿರುಗಿತು, ತಿರುಗಿತು, ಸಿದ್ಲಿಂಗಪ್ಪನಿಗೆ ಆಕಾಶ ಯಾವುದು ನೀರು ಯಾವುದು ತಿಳಿಯದೆ ಸೊಂಟ ಹಿಡಿದುಕೊಂಡು, ಸಾಕು ತಾಯಿ, ನನ್ನ ಬೆನ್ನೇ ಹೋಯ್ತು ಅಂದ. ಹಾಗಾದರೆ ಕಬ್ಬಿಣ ಕಾಯಿಸಲೇ ಅಂತ ಹೊನ್ನೂರವ್ವ ಕೇಳಿದಳಂತೆ. ಅವನು ಅಲ್ಲಿಂದಲೇ ಹರಿಗೋಲು ತಿರುಗಿಸಿಕೊಂಡು ಆಚೆ ದಡಕ್ಕೆ ಹೋಗಿ ಇಳಿದ. ಇದು ನಡೆದದ್ದೋ, ಆಮೇಲೆ ಯಾರೋ ಸೇರಿಸಿದ್ದೋ ನನಗೆ ತಿಳಿಯದು. ಬಿಟ್ಟು ಹೇಳಿದರೆ ಮಕ್ಕಳು ಒಪ್ಪುವುದಿಲ್ಲ.

ಬ್ಯಾನಿ ಒಂದೇ ದಿನಕ್ಕೆ ಹೋಗಲಿಲ್ಲ. ಕೆಲವರಿಗೆ ತಿಂಗಳಲ್ಲಿ ಹೋಯಿತು. ಕಾಳಮ್ಮನಿಗೆ ಮುಂದಿನ ಸುಗ್ಗಿ ಬರುವ ಹೊತ್ತಿಗೆ ಹೋಯಿತು. ಆಮೇಲೆ ಅವಳು ಮದುವೆಯಾಗಿ ನಾಲ್ಕು ಮಕ್ಕಳನ್ನು ಹೆತ್ತಳು, ಅಪ್ಪನ ಹಿಂದೆ ನಿಂತು ಗಾಲಿ ಕೆತ್ತುವುದನ್ನೂ ಕಲಿತಳು. ಕುಂಬಾರರ ಬೀರನಿಗೆ ಮಾತ್ರ ತಲೆ ನರೆತ ಮೇಲೂ ಆಗಾಗ ಬರುತ್ತಿತ್ತು. ಬಂದಾಗ ತಿಗರಿ ನಿಲ್ಲಿಸಿ ಮಡುವಿಗೆ ಹೋಗಿ ಬರುತ್ತಿದ್ದ, ಯಾರೂ ಏನೂ ಅನ್ನುತ್ತಿರಲಿಲ್ಲ. ಯಾಕೆ ಬಂತು, ಆ ವಯಸ್ಸಿನವರಿಗೇ ಯಾಕೆ ಬಂತು, ಇವತ್ತಿನವರೆಗೂ ಗೊತ್ತಿಲ್ಲ. ಎಲುಬು ಬೇಗ ಬೆಳೆದು ಮಾಂಸ ಹಿಂದೆ ಬಿತ್ತು ಅಂತ ಕೆಲವರು, ದೊಡ್ಡವರ ಕೆಲಸ ಸಣ್ಣ ಬೆನ್ನಿಗೆ ಬಿತ್ತು ಅಂತ ಕೆಲವರು. ಹೊನ್ನೂರವ್ವನನ್ನು ಕೇಳಿದರೆ, ನನಗೇನು ಗೊತ್ತು, ನಾನು ದಾಟಿಸಾಕಿ ಅನ್ನುತ್ತಿದ್ದಳಂತೆ.

ಆಕೆ ತುಂಬು ವಯಸ್ಸಿಗೆ ಹೋದಳು. ಕಡವಿನ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ಆಕೆಯ ಹರಿಗೋಲನ್ನೇ ಮೇಲೆ ಬೋರಲು ಹಾಕಿದರು ಅಂತಾರೆ, ಬಿದಿರು ಮಣ್ಣಾಗಿ ಹೋಗಿದೆ, ನೋಡಲು ಏನೂ ಸಿಗುವುದಿಲ್ಲ.

ಆದರೆ ಕಡವಿನಾಳದಲ್ಲಿ ಒಂದು ಪದ್ಧತಿ ಉಳಿದಿದೆ. ಪ್ರತಿ ವರ್ಷ ಬಿಸಿಲು ಏರುವ ಹೊತ್ತಿಗೆ, ಹೊಳೆ ಇಳಿದು ನೀರು ತಿಳಿಯಾದಾಗ, ಹನ್ನೆರಡು ತುಂಬಿದ ಮಕ್ಕಳನ್ನೆಲ್ಲ ಆ ಮಡುವಿಗೆ ಕರೆದುಕೊಂಡು ಹೋಗುತ್ತಾರೆ. ಪೂಜೆ ಇಲ್ಲ, ಮಂತ್ರ ಇಲ್ಲ. ಒಬ್ಬರು ನೀರಿಗಿಳಿದು ಮಗುವಿನ ಬೆನ್ನ ಕೆಳಗೆ ಅಂಗೈ ಇಡಬೇಕು. ಯಾರು ಇಳಿಯಬೇಕು ಅನ್ನುವುದಕ್ಕೂ ಒಂದು ಕಟ್ಟಳೆ ಇದೆ. ಆ ವರ್ಷ ಆ ಮಗುವನ್ನು ಯಾರು ಹೆಚ್ಚು ಬೈದಿರುತ್ತಾರೋ ಅವರೇ ಇಳಿಯಬೇಕು, ಅದನ್ನು ಮಗುವೇ ಹೇಳಬೇಕು. ಅಪ್ಪ ಇಳಿಯುತ್ತಾನೆ, ಅಮ್ಮ ಇಳಿಯುತ್ತಾಳೆ, ಸೋದರಮಾವ ಇಳಿಯುತ್ತಾನೆ. ದಂಡೆಯ ಮೇಲೆ ಕೂತವರು ಮಂಡಕ್ಕಿ ತಿನ್ನುತ್ತಾ ನಗುತ್ತಾರೆ.

ಹೋದ ವರ್ಷ ಒಂಬತ್ತು ಮಕ್ಕಳು ಒಟ್ಟಿಗೆ ಸಾಲಿ ಮಾಸ್ತರರ ಹೆಸರು ಹೇಳಿಬಿಟ್ಟವು. ಪಾಪ ಮಾಸ್ತರರು, ಬೇರೆ ಊರಿನವರು, ಪ್ಯಾಂಟು ಮಡಚಿ ಇಳಿದರು. ಒಂಬತ್ತು ಮಕ್ಕಳನ್ನೂ ಒಬ್ಬೊಬ್ಬರಾಗಿ ಹಿಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಡಕ್ಕೆ ಬಂದವರು ಸೊಂಟ ಹಿಡಿದು ನಿಂತರು. ಕಾರಣ ಯಾರೂ ಕೇಳಲಿಲ್ಲ. ಮಕ್ಕಳು ಅವರನ್ನು ಕೈಹಿಡಿದು ಮತ್ತೆ ನೀರಿಗೆ ಎಳೆದವು, ಮಲಗ್ರಿ ಸರ್ ಅಂದವು. ಒಂಬತ್ತು ಅಂಗೈ ಅವರ ಬೆನ್ನ ಕೆಳಗೆ ಹೋದವು. ಮಾಸ್ತರರು ಕಣ್ಣು ಮುಚ್ಚಿದರು. ಯಾವ ಕೈ ಯಾವಾಗ ತೆಗೆದರೋ ಅವರಿಗೆ ತಿಳಿಯಲೇ ಇಲ್ಲ.